ಕಡೆಗೀಲಿನಿಂದ ವೀಲ್ ಸ್ಟಡ್‌ವರೆಗೆ

ರೈಲಿನ ಗಾಲಿಗೆ ಬೋಲ್ಟ್ ಇಲ್ಲ. ಚೆನ್ನೈನ ಪೆರಂಬೂರಿನಲ್ಲಿ ತಯಾರಾಗುವ ಬೋಗಿಗಳ ಅಡಿಗೆ ಬಗ್ಗಿ ನೋಡಿದರೆ, ಅಚ್ಚಿಗೂ ಗಾಲಿಗೂ ನಡುವೆ ನಟ್ಟಾಗಲಿ ಕೀಲಾಗಲಿ ಬೆಸುಗೆಯಾಗಲಿ ಕಾಣುವುದಿಲ್ಲ. ಗಾಲಿಯ ನಡುವಿನ ತೂತಿಗಿಂತ ಅಚ್ಚು ಕೂದಲೆಳೆಯ ಲೆಕ್ಕದಲ್ಲಿ ದಪ್ಪ. ಯಂತ್ರವೊಂದು ಹತ್ತಾರು ಟನ್ ಬಲ ಹಾಕಿ ಒಂದರೊಳಗೆ ಇನ್ನೊಂದನ್ನು ಒತ್ತಿ ಕೂರಿಸುತ್ತದೆ. ಆಮೇಲೆ ಅವೆರಡೂ ಒಂದೇ ಉಕ್ಕಿನ ತುಂಡಿನಂತೆ ಲಕ್ಷಾಂತರ ಕಿಲೋಮೀಟರ್ ಉರುಳುತ್ತವೆ.

ಅದೇ ಪೆರಂಬೂರಿನ ಬೀದಿಯಲ್ಲಿ ನಿಂತ ಕಾರಿನದು ಬೇರೆ ಕತೆ. ಅದರ ಒಂದೊಂದು ಗಾಲಿಯನ್ನೂ ಹಿಡಿದಿರುವುದು ಬೆರಳುದ್ದದ ನಾಲ್ಕೈದು ಕಡ್ಡಿಗಳು. ಗ್ಯಾರೇಜಿನ ಮಾತಿನಲ್ಲಿ ಅವು ವೀಲ್ ಸ್ಟಡ್. ಅವುಗಳಲ್ಲೊಂದು ಮುರಿದರೆ ಮನೆಯ ಮುಂದೆಯೇ ಬದಲಿಸಿಕೊಳ್ಳಬಹುದು. ಆದರೆ ಅದು ಯಾಕೆ ಮುರಿಯಿತು ಎಂಬ ಪ್ರಶ್ನೆಗೆ ಉತ್ತರ ಸಿಗಲು ರೈಲಿನ ಅಚ್ಚುಗಳು ಮುರಿಯಬೇಕಾಯಿತು, ಜನ ಸಾಯಬೇಕಾಯಿತು.

ಗಾಲಿಯನ್ನು ಹಿಡಿದಿಡುವ ಸಣ್ಣ ವಸ್ತುವಿನ ಮೇಲೆ ಈ ನಾಡುಗಳಿಗೆ ಹಳೆಯ ಗೌರವವಿದೆ. ತಮಿಳಿನ ತಿರುವಳ್ಳುವರ್ ದೊಡ್ಡ ತೇರಿನ ಸಣ್ಣ ಅಚ್ಚಾಣಿಯನ್ನು ನೆನೆದರೆ, ಕನ್ನಡದ ಜೇಡರ ದಾಸಿಮಯ್ಯ ಬಂಡಿಯ ಕಡೆಗೀಲನ್ನು ನೆನೆದ. ಆದರೆ ಕಡೆಗೀಲಿನ ಕೆಲಸ ಸರಳ. ಎತ್ತಿನ ಬಂಡಿಯ ಗಾಲಿ ಅಚ್ಚಿನ ಮೇಲೆ ಸಡಿಲವಾಗಿಯೇ ತಿರುಗುತ್ತದೆ; ಅದು ಹೊರಗೆ ಜಾರದಂತೆ ತಡೆದರೆ ಸಾಕು. ಕೀಲಿಗೆ ಬಿಗಿಯುವ ಜವಾಬ್ದಾರಿ ಇಲ್ಲ. ಎಂಜಿನ್ನಿನ ಬಲವನ್ನು ಗಾಲಿಗೆ ದಾಟಿಸುವ, ಬ್ರೇಕಿನ ಪೆಟ್ಟನ್ನು ತಡೆಯುವ ಹೊರೆಯೂ ಇಲ್ಲ. ಆ ಹೊರೆ ಬಂದದ್ದು ಯಂತ್ರದ ವಾಹನಗಳ ಜತೆಗೆ.

ಪೆರಂಬೂರಿಗೆ ಯಂತ್ರದ ಗಾಲಿ ಬಂದದ್ದು ಮದ್ರಾಸ್ ರೈಲ್ವೆಯ ಜತೆಗೆ. 1856ರ ಜುಲೈ 1ರಂದು ರಾಯಪುರಂನಿಂದ ದಕ್ಷಿಣ ಭಾರತದ ಮೊದಲ ಪ್ರಯಾಣಿಕ ರೈಲು ಹೊರಟಿತು. ಆ ಕಂಪನಿಯ ಕಾರ್ಯಾಗಾರ ನೆಲೆಯಾದದ್ದು ಪೆರಂಬೂರಿನಲ್ಲಿ. 1908ರಲ್ಲಿ ಮದ್ರಾಸ್ ರೈಲ್ವೆಯ ಒಂದು ಭಾಗವೂ ಸದರ್ನ್ ಮರಾಠಾ ರೈಲ್ವೆಯೂ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆದಾಗ, ಪೆರಂಬೂರು ಮತ್ತು ಹುಬ್ಬಳ್ಳಿಯ ಕಾರ್ಯಾಗಾರಗಳು ಒಂದೇ ಮನೆಯವಾದವು. 1955ರ ಅಕ್ಟೋಬರ್ 2ರಂದು ಜವಾಹರಲಾಲ್ ನೆಹರೂ ಇಲ್ಲಿ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯನ್ನು ಉದ್ಘಾಟಿಸಿದರು. ಸ್ವಿಟ್ಜರ್ಲೆಂಡಿನ ಶ್ಲೀರೆನ್ ಕಾರ್ಖಾನೆಯ ಸಹಯೋಗದಲ್ಲಿ ಉಕ್ಕಿನ ಬೋಗಿಗಳು ಹೊರಬರತೊಡಗಿದವು. ಆದರೂ ಭಾರತೀಯ ರೈಲು ತನ್ನ ಗಾಲಿಗಳಿಗೆ ವಿದೇಶದತ್ತ ನೋಡುವುದು ಬಹುಕಾಲ ತಪ್ಪಲಿಲ್ಲ. ಆ ಅವಲಂಬನೆಯನ್ನು ತಗ್ಗಿಸಲೆಂದು ಬೆಂಗಳೂರಿನ ಯಲಹಂಕದಲ್ಲಿ ಕಟ್ಟಿದ ಗಾಲಿ ಮತ್ತು ಅಚ್ಚಿನ ಕಾರ್ಖಾನೆಯನ್ನು 1984ರ ಸೆಪ್ಟೆಂಬರ್ 15ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು. ಅಂದಿನಿಂದ ಯಲಹಂಕದ ಗಾಲಿಗಳು ಪೆರಂಬೂರಿನ ಬೋಗಿಗಳಿಗೂ ಹೋಗುತ್ತಿವೆ.

ರೈಲಿನ ಗಾಲಿಯನ್ನು ದಾರಿಯಲ್ಲಿ ಯಾರೂ ಬಿಚ್ಚುವುದಿಲ್ಲ. ಕಾರಿನ ಗಾಲಿಯನ್ನು ಬಿಚ್ಚಲೇಬೇಕು, ಏಕೆಂದರೆ ಅದರ ಟೈರಿನಲ್ಲಿರುವುದು ಗಾಳಿ. ಆದರೆ ಮೊದಮೊದಲ ಕಾರುಗಳಲ್ಲಿ ಇದಕ್ಕೆ ಏರ್ಪಾಡೇ ಇರಲಿಲ್ಲ. 1903ರಲ್ಲಿ ಸಿಂಪ್ಸನ್ ಕಂಪನಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಮದರಾಸಿನಲ್ಲಿ ಹಬೆಯಿಂದ ಓಡುವ ಕಾರನ್ನು ಕಟ್ಟಿದರು. ಆ ಕಾಲದ ಕಾರುಗಳಲ್ಲಿ ಪಂಕ್ಚರ್ ಆದರೆ ಗಾಲಿಯನ್ನು ಕಾರಿನಲ್ಲೇ ಬಿಟ್ಟು, ಟೈರನ್ನು ಮಾತ್ರ ಕಿತ್ತು, ರಸ್ತೆ ಬದಿಯಲ್ಲಿ ಕೂತು ತೇಪೆ ಹಾಕಬೇಕಿತ್ತು.

ಇದಕ್ಕೆ ಉಪಾಯ ಹುಡುಕಿದ್ದು ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ. 1904ರಲ್ಲಿ ಥಾಮಸ್ ಮಾರಿಸ್ ಡೇವಿಸ್ ಎಂಬಾತ ಅರಗಳಿಲ್ಲದ ಒಂದು ಬಳೆಗೆ ಟೈರು ತೊಡಿಸಿ, ಪಂಕ್ಚರಾದ ಗಾಲಿಯ ಪಕ್ಕಕ್ಕೆ ಕ್ಲ್ಯಾಂಪಿನಿಂದ ಕಚ್ಚಿಸುವ ಸಾಧನ ಮಾಡಿದ. ಅದರ ಹೆಸರೇ ಸ್ಟೆಪ್ನಿ. ಆ ವಸ್ತು ಮರೆಯಾಗಿ ನೂರು ವರ್ಷವಾಗುತ್ತ ಬಂದರೂ ಹೆಸರು ಭಾರತದಲ್ಲಿ ಉಳಿಯಿತು. ಡಿಕ್ಕಿಯಲ್ಲಿರುವ ಐದನೆಯ ಗಾಲಿ ಇವತ್ತಿಗೂ ಸ್ಟೆಪ್ನಿಯೇ. ಕೆಲವೇ ವರ್ಷಗಳಲ್ಲಿ ಇಡೀ ಗಾಲಿಯನ್ನೇ ಬಿಚ್ಚುವ ವಿಧಾನಗಳು ಬಂದವು. ಇಂಗ್ಲೆಂಡಿನ ರಡ್ಜ್-ವಿಟ್‌ವರ್ತ್ ಕಂಪನಿ ನಡುವಿನ ಒಂದೇ ದೊಡ್ಡ ನಟ್ಟಿನಿಂದ ತಂತಿ ಅರಗಳ ಗಾಲಿಯನ್ನು ಹಿಡಿಸಿತು. ಅಗ್ಗದ ಉಕ್ಕಿನ ತಟ್ಟೆ ಗಾಲಿಗಳು ಹರಡಿದಾಗ ಆ ಒಂದು ನಟ್ಟಿನ ಜಾಗಕ್ಕೆ ವೃತ್ತದಲ್ಲಿ ನಿಂತ ನಾಲ್ಕೈದು ಸ್ಟಡ್‌ಗಳು ಬಂದವು.

ಜತೆಗೇ ಒಂದು ತಲೆನೋವೂ ಬಂತು. ಸಡಿಲವಾದ ನಟ್ಟು ಗಾಲಿ ತಿರುಗಿದಂತೆ ತಾನಾಗಿ ಬಿಚ್ಚಿಕೊಳ್ಳುವುದು ಹೆಚ್ಚಾಗಿ ಕಾರಿನ ಎಡಬದಿಯಲ್ಲಿ. ಅದಕ್ಕೆಂದು ಹಲವು ತಯಾರಕರು ಎಡಗಾಲಿಗಳಿಗೆ ತಿರುಗುಮುರುಗು ಮರೆ ಕೊರೆದರು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಹೀಗಿತ್ತು. ಅಮೆರಿಕದ ಕ್ರೈಸ್ಲರ್ ಕಾರುಗಳಲ್ಲಿ 1970ರ ಸುಮಾರಿನವರೆಗೂ ಹೀಗೇ ಇತ್ತು. ಇದು ಗೊತ್ತಿಲ್ಲದೆ ಸ್ಪ್ಯಾನರಿನ ಮೇಲೆ ಹತ್ತಿ ನಿಂತವನು ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿಯುತ್ತಿದ್ದ, ಕೊನೆಗೆ ಸ್ಟಡ್ಡನ್ನೇ ಮುರಿಯುತ್ತಿದ್ದ. ನಟ್ಟಿನ ಇಳಿಜಾರು ಮುಖ ಗಾಲಿಯ ತೂತಿನಲ್ಲಿ ಸರಿಯಾಗಿ ಕೂತು, ಬಿಗಿತವೂ ಸರಿಯಿದ್ದರೆ, ಯಾವ ದಿಕ್ಕಿನ ಮರೆಯಾದರೂ ಬಿಚ್ಚಿಕೊಳ್ಳುವುದಿಲ್ಲ ಎಂಬುದು ಖಚಿತವಾದ ಮೇಲೆ ಕಾರುಗಳಲ್ಲಿ ಈ ರೂಢಿ ನಿಂತಿತು.

ಹಾಗಾದರೆ ಬಿಗಿತ ಎಂದರೇನು? ಕಾರಿನ ಭಾರ ಸ್ಟಡ್‌ಗಳ ಮೇಲೆ ನೇತಾಡುತ್ತದೆ ಎಂದೇ ಬಹಳ ಜನರ ಎಣಿಕೆ. ನಿಜದಲ್ಲಿ ಸ್ಟಡ್ ಗಾಲಿಯನ್ನು ಹೊರುವುದಿಲ್ಲ, ಎಳೆದು ಹಿಡಿಯುತ್ತದೆ. ಒಂದಡಿ ಉದ್ದದ ಸ್ಪ್ಯಾನರಿನ ತುದಿಯನ್ನು 30-35 ಕಿಲೋ ಬಲದಿಂದ ಅದುಮಿದರೆ, 12 ಮಿಲಿಮೀಟರ್ ದಪ್ಪದ ಸ್ಟಡ್ ರಬ್ಬರಿನಂತೆ ಕಣ್ಣಿಗೆ ಕಾಣದಷ್ಟು ಹಿಗ್ಗಿ, ಸುಮಾರು 4 ಟನ್ ಬಲದಿಂದ ಗಾಲಿಯನ್ನು ಹಬ್ಬಿಗೆ ಅಮುಕುತ್ತದೆ. ನಾಲ್ಕು ಸ್ಟಡ್ ಸೇರಿದರೆ 16 ಟನ್. ಸಣ್ಣ ಕಾರಿನ ತೂಕವಾದರೋ ಒಂದು ಟನ್ನಿನ ಆಸುಪಾಸು. ಆ ಅಮುಕಿನಿಂದ ಹುಟ್ಟುವ ಘರ್ಷಣೆಯೇ ಗಾಲಿಯನ್ನು ಕದಲದಂತೆ ಹಿಡಿಯುತ್ತದೆ. ನಟ್ಟು ಸಡಿಲವಾದರೆ ಗಾಲಿ ಒಂದೊಂದು ಸುತ್ತಿಗೂ ಅಲುಗುತ್ತದೆ, ಸ್ಟಡ್ ಒಂದೊಂದು ಸುತ್ತಿಗೂ ಬಾಗುತ್ತದೆ. ಒಂದು ಕಿಲೋಮೀಟರಿಗೆ ಐನೂರಕ್ಕೂ ಹೆಚ್ಚು ಸಲ.

ಹೀಗೆ ಸಣ್ಣದಾಗಿ ಬಾಗಿ ಬಾಗಿ ಲೋಹ ಮುರಿಯುವುದನ್ನು ಜಗತ್ತು ಕಲಿತದ್ದು ರೈಲಿನಿಂದ. 1842ರ ಮೇ 8ರಂದು ವರ್ಸೈಯಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಮುಂದಿನ ಎಂಜಿನ್ನಿನ ಅಚ್ಚು ಮುರಿಯಿತು. ಬೋಗಿಗಳ ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಿತ್ತು. ಬೆಂಕಿಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು; ದಕ್ಷಿಣ ಸಮುದ್ರಗಳನ್ನು ಸುತ್ತಿ ಬಂದಿದ್ದ ನಾವಿಕ ದುಮೋ ದ್ಯುರ್ವಿಲ್ ಅವರಲ್ಲೊಬ್ಬ. ಕಬ್ಬಿಣ ಓಡಿ ಓಡಿ ಒಳಗೊಳಗೇ ಹರಳುಗಟ್ಟುತ್ತದೆ ಎಂಬುದು ಆಗಿನ ನಂಬಿಕೆ. ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ಮುರಿದ ಅಚ್ಚುಗಳನ್ನು ಪರೀಕ್ಷಿಸಿ, ಬಿರುಕು ಮೇಲ್ಮೈಯಲ್ಲಿ ಹುಟ್ಟಿ ಮೆಲ್ಲಗೆ ಒಳಕ್ಕೆ ಬೆಳೆಯುತ್ತದೆ ಎಂದು ತೋರಿಸಿದ. ಪ್ರಷ್ಯಾದ ರೈಲ್ವೆ ಎಂಜಿನಿಯರ್ ಆಗಸ್ಟ್ ವ್ಯೋಲರ್ 1850 ಮತ್ತು 60ರ ದಶಕಗಳಲ್ಲಿ ಅಚ್ಚುಗಳನ್ನು ಯಂತ್ರಕ್ಕೆ ಸಿಕ್ಕಿಸಿ ಲಕ್ಷಗಟ್ಟಲೆ ಸಲ ತಿರುಗಿಸಿ ನೋಡಿದ. ಒಂದೇ ಸಲಕ್ಕೆ ಮುರಿಯಲು ಬೇಕಾದ ಬಲಕ್ಕಿಂತ ಎಷ್ಟೋ ಕಡಿಮೆ ಬಲವೂ, ಮತ್ತೆ ಮತ್ತೆ ಏರಿಳಿದರೆ, ಉಕ್ಕನ್ನು ಮುರಿಯುತ್ತದೆ ಎಂಬುದು ಆತ ಕಂಡ ಸತ್ಯ. ಲೋಹವೂ ದಣಿಯುತ್ತದೆ.

ಮುರಿದ ಸ್ಟಡ್ಡಿನ ಮುಖ ಈ ಇತಿಹಾಸವನ್ನೇ ಹೇಳುತ್ತದೆ. ದಣಿದು ಮುರಿದಿದ್ದರೆ ಒಂದು ಭಾಗ ನುಣುಪಾಗಿ, ಕಪ್ಪಾಗಿ, ಮರೀನಾ ದಂಡೆಯ ಮರಳಿನಲ್ಲಿ ಅಲೆ ಬಿಟ್ಟು ಹೋದಂಥ ಗೆರೆಗಳಿಂದ ಕೂಡಿರುತ್ತದೆ. ಉಳಿದ ಭಾಗ ಹೊಳೆಯುತ್ತ ಒರಟಾಗಿರುತ್ತದೆ. ಅದು ಕೊನೆಯ ಗಳಿಗೆಯಲ್ಲಿ ಹರಿದದ್ದು. ಅಂಥ ಸ್ಟಡ್ ಸಿಕ್ಕಿದರೆ ಅದರ ಪಕ್ಕದವೂ ಅಷ್ಟೇ ದಣಿದಿರುತ್ತವೆ, ಮುರಿದ ಒಂದರ ಹೊರೆಯನ್ನೂ ಹೊತ್ತಿರುತ್ತವೆ. ಒಂದನ್ನೇ ಬದಲಿಸುವುದು ಉಳಿತಾಯವಲ್ಲ. ಆ ಗಾಲಿಯ ಎಲ್ಲವನ್ನೂ ಬದಲಿಸಬೇಕು.

ಹೊಸ ಸ್ಟಡ್ ಎಲ್ಲಿಂದ ತರುವುದು? ಪೆರಂಬೂರಿನಿಂದ ಕೆಲವೇ ಕಿಲೋಮೀಟರ್ ಪಶ್ಚಿಮಕ್ಕಿರುವ ಪಾಡಿಯಲ್ಲಿ ಟಿವಿಎಸ್ ಬಳಗದ ಸುಂದರಂ ಫಾಸ್ಟನರ್ಸ್ 1966ರಲ್ಲಿ ಬೋಲ್ಟುಗಳ ತಯಾರಿ ಆರಂಭಿಸಿತು. ಇಂಥ ಕಾರ್ಖಾನೆಗಳಲ್ಲಿ ಮರೆಯನ್ನು ಕೊರೆಯುವುದಿಲ್ಲ. ಎರಡು ಅಚ್ಚುಗಳ ನಡುವೆ ಉರುಳಿಸಿ ಒತ್ತುತ್ತಾರೆ. ಉಕ್ಕಿನ ಎಳೆಗಳು ತುಂಡಾಗದೆ ಮರೆಯ ಜತೆ ಬಾಗುವುದರಿಂದ ಅದು ಬೇಗ ದಣಿಯುವುದಿಲ್ಲ. ಲೇತ್ ಅಂಗಡಿಯಲ್ಲಿ ಸಾದಾ ಕಬ್ಬಿಣದ ಸರಳಿನಿಂದ ಕೆತ್ತಿದ ಸ್ಟಡ್ ನೋಡಲು ಹಾಗೇ ಇದ್ದರೂ ಆ ಗುಣ ಅದಕ್ಕಿಲ್ಲ. ಹಳೆಯ ಬಿಡಿಭಾಗಗಳಿಗೆ ಹೆಸರಾದ ಚೆನ್ನೈನ ಪುದುಪೇಟೆಯಲ್ಲೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಮಾರುತಿ ಕಾರುಗಳ ಸ್ಟಡ್‌ನ ಮರೆ ಸಾಮಾನ್ಯವಾಗಿ 1.25 ಮಿಲಿಮೀಟರಿಗೊಂದು ಸುತ್ತು; 1998ರಿಂದ ಚೆನ್ನೈ ಹೊರವಲಯದಲ್ಲಿ ತಯಾರಾಗುತ್ತಿರುವ ಹ್ಯುಂಡೈಗಳದ್ದು 1.5ಕ್ಕೊಂದು. ದಪ್ಪ ಎರಡಕ್ಕೂ 12. ಒಂದರ ನಟ್ಟು ಇನ್ನೊಂದಕ್ಕೆ ಎರಡು ಸುತ್ತು ಹತ್ತಿ ಆಮೇಲೆ ಮರೆಯನ್ನೇ ಕಿತ್ತುಹಾಕುತ್ತದೆ.

ಕೆಲಸ ಅರ್ಧ ದಿನದ್ದು. ಸಮತಟ್ಟು ನೆಲದಲ್ಲಿ ಕಾರನ್ನು ಎತ್ತಿ, ಜಾಕಿಯನ್ನೇ ನಂಬದೆ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಗಾಲಿ, ಡ್ರಮ್ ಅಥವಾ ಡಿಸ್ಕ್ ತೆಗೆದರೆ ಸ್ಟಡ್ಡಿನ ಗುಟ್ಟು ಕಾಣುತ್ತದೆ: ಅದರ ಕತ್ತಿನ ಸಣ್ಣ ಹಲ್ಲುಗಳು ಹಬ್ಬಿನ ತೂತಿಗಿಂತ ತುಸು ದಪ್ಪ. ರೈಲಿನ ಗಾಲಿಯಂತೆ ಇದನ್ನೂ ಒತ್ತಿಯೇ ಕೂರಿಸಿರುತ್ತಾರೆ. ಹಳೆಯದನ್ನು ಸುತ್ತಿಗೆಯಿಂದ ಹಿಂದಕ್ಕೆ ಹೊಡೆಯುವುದು ರೂಢಿಯಾದರೂ ಆ ಪೆಟ್ಟು ಬೇರಿಂಗಿಗೂ ಬೀಳುತ್ತದೆ. ಒತ್ತಿ ತೆಗೆಯುವ ಪುಲ್ಲರ್ ಲೇಸು. ಹೊಸದನ್ನು ಹಿಂದಿನಿಂದ ತೂರಿಸಿ, ದಪ್ಪ ವಾಷರುಗಳನ್ನು ಹಾಕಿ, ಹಳೆಯ ನಟ್ಟನ್ನು ತಿರುಗಾಮುರುಗಾ ಇಟ್ಟು, ತಲೆ ಹಬ್ಬಿನ ಬೆನ್ನಿಗೆ ಪೂರ್ತಿ ತಾಗುವವರೆಗೆ ಕೈಯಿಂದ ನಿಧಾನವಾಗಿ ಎಳೆಯಬೇಕು. ಹಿಂದೆ ಜಾಗವೇ ಇಲ್ಲದ ಕಾರುಗಳಲ್ಲಿ ಹಬ್ಬನ್ನೇ ಕಳಚಬೇಕಾಗುತ್ತದೆ. ಅಂಥದ್ದು ಗ್ಯಾರೇಜಿನ ಪ್ರೆಸ್ಸಿಗೆ ಸೇರಿದ್ದು.

ಕೊನೆಯಲ್ಲಿ ಗಾಲಿ ಹಾಕಿ, ನಟ್ಟುಗಳನ್ನು ಎದುರುಬದುರಾಗಿ, ಕಾರಿನ ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು. ಸ್ಪ್ಯಾನರಿನ ಮೇಲೆ 70 ಕಿಲೋದ ಮನುಷ್ಯ ನಿಂತರೆ ಎಳೆತ ದುಪ್ಪಟ್ಟಾಗಿ, ಸ್ಟಡ್ ಮರಳಿ ಬಾರದಂತೆ ಉದ್ದವಾಗಬಹುದು. ಮುಂದಿನ ಮುರಿತ ಅಲ್ಲೇ ಶುರು. 50-100 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿತ ನೋಡಬೇಕು, ಏಕೆಂದರೆ ಹೊಸ ಸ್ಟಡ್‌ಗಳು ಇನ್ನಷ್ಟು ಒಳಕ್ಕೆ ಕೂತು ಎಳೆತ ಇಳಿದಿರುತ್ತದೆ.

ಹಿಂದೆ ದೊಡ್ಡ ನಿಲ್ದಾಣಗಳಲ್ಲಿ ರೈಲು ನಿಂತೊಡನೆ ಉದ್ದ ಹಿಡಿಯ ಸುತ್ತಿಗೆ ಹಿಡಿದವನೊಬ್ಬ ಗಾಲಿಗಳನ್ನು ಒಂದೊಂದಾಗಿ ತಟ್ಟುತ್ತ, ನಾದ ಕೇಳುತ್ತ ಹೋಗುತ್ತಿದ್ದ. ಬಿರುಕು ಬಿಟ್ಟ ಗಾಲಿ ಗಂಟೆಯಂತೆ ಮೊಳಗುವುದಿಲ್ಲ. 1842ರಂಥ ದುರಂತಗಳಿಂದ ಪಾಠ ಕಲಿತ ರೈಲ್ವೆ ಆ ಎರಡನೆಯ ನೋಟಕ್ಕೆಂದೇ ಒಬ್ಬ ನೌಕರನನ್ನು ಇಟ್ಟಿತ್ತು. ಮನೆ ಮುಂದಿನ ಕಾರಿಗೆ ಅಂಥವನಿಲ್ಲ. ಆ ಕೆಲಸ ಸ್ಪ್ಯಾನರ್ ಹಿಡಿದವನದೇ.