ಗಣಗಳು ಮತ್ತು ಅವುಗಳ ಚಿಹ್ನೆಗಳ ಕಥೆ



ಪ್ರಥಮ ಪಿ.ಯು.ಸಿ. ಗಣಿತದ ಮೊದಲ ಪಾಠವೇ ‘ಗಣಗಳು’. ∈, ∪, ∩, ∅ ಎಂಬ ಚಿಹ್ನೆಗಳನ್ನು ಕಂಡೊಡನೆ ‘ಗಣಿತ ನಮಗೆ ಒಗ್ಗುವುದಿಲ್ಲ’ ಎಂದು ವಿಷಯವನ್ನೇ ಬದಲಿಸುವವರಿದ್ದಾರೆ. ಆ ಒಂದು ತೀರ್ಮಾನದಿಂದ ಇಂಜಿನಿಯರಿಂಗ್‌ನಂತಹ ಬಾಗಿಲುಗಳು ಮುಚ್ಚಿಹೋಗುತ್ತವೆ. ಆದ್ದರಿಂದ ಈ ಚಿಹ್ನೆಗಳ ಅರ್ಥವನ್ನೂ ಅವು ಬಂದ ದಾರಿಯನ್ನೂ ತಿಳಿಯೋಣ.

ಸ್ಪಷ್ಟವಾಗಿ ಗುರುತಿಸಬಹುದಾದ ವಸ್ತುಗಳ ಕೂಟವೇ ಗಣ. ‘ಒಳ್ಳೆಯ ಊರುಗಳು’ ಎಂಬುದು ಗಣವಲ್ಲ. ಯಾವುದು ಒಳ್ಳೆಯದು ಎಂಬುದರಲ್ಲಿ ಒಮ್ಮತವಿರದು. ಆದರೆ 1986ರಲ್ಲಿ ರಚನೆಯಾದ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಎಂಟು ತಾಲ್ಲೂಕುಗಳು ಒಂದು ಗಣ. ಇದನ್ನು ‘ಗ’ ಎನ್ನೋಣ:

ಗ = {ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ}

‘ಹೊಸಕೋಟೆ ∈ ಗ’ ಎಂದರೆ ಹೊಸಕೋಟೆ ಈ ಗಣಕ್ಕೆ ಸೇರಿದೆ ಎಂದರ್ಥ. 2007ರಲ್ಲಿ ಕೊನೆಯ ನಾಲ್ಕು ತಾಲ್ಲೂಕುಗಳು ಬೇರ್ಪಟ್ಟು ರಾಮನಗರ ಜಿಲ್ಲೆಯಾಯಿತು. ಆ ನಾಲ್ಕರ ಗಣ ‘ರ’ ಆದರೆ, ಅದು ‘ಗ’ದ ಉಪಗಣ: ರ ⊂ ಗ. ‘ಗ’ದಿಂದ ‘ರ’ವನ್ನು ಕಳೆದಾಗ ಉಳಿದ ಮೊದಲ ನಾಲ್ಕರ ಗಣ ‘ಉ’. ಎರಡನ್ನೂ ಕೂಡಿಸಿದರೆ ಉ ∪ ರ = ಗ; ಇದು ಸಂಯೋಗ. ಎರಡಕ್ಕೂ ಸೇರಿದ ತಾಲ್ಲೂಕು ಒಂದೂ ಇಲ್ಲವಾದ್ದರಿಂದ ಛೇದನವು ಶೂನ್ಯಗಣ: ಉ ∩ ರ = ∅.

ಈ ಶಾಸ್ತ್ರಕ್ಕೆ ತಳಹದಿ ಹಾಕಿದವರು ಜರ್ಮನಿಯ ಗೇಯೋರ್ಗ್ ಕ್ಯಾಂಟರ್ (1845-1918). ಅನಂತಗಳಲ್ಲಿಯೂ ಹಿರಿದು ಕಿರಿದು ಉಂಟೆಂಬುದು 1874ರ ಅವರ ಪ್ರಬಂಧದಿಂದ ಹೊರಟ ವಿಚಾರ. ಸಮಸಂಖ್ಯೆಗಳನ್ನು 1, 2, 3 ಎಂದು ಎಣಿಸುತ್ತಾ ಹೋಗಬಹುದು. ಆದರೆ ಸರಳರೇಖೆಯ ಮೇಲಿನ ಎಲ್ಲ ಬಿಂದುಗಳನ್ನು ಹಾಗೆ ಸಾಲಾಗಿ ಎಣಿಸಲು ಸಾಧ್ಯವೇ ಇಲ್ಲ. ಹೆಸರಾಂತ ಗಣಿತಜ್ಞ ಕ್ರೋನೆಕರ್ ಇದನ್ನು ಬಲವಾಗಿ ವಿರೋಧಿಸಿದರು. ಕ್ಯಾಂಟರ್ ಅನಾರೋಗ್ಯದ ನಡುವೆಯೂ ಕೆಲಸ ಬಿಡಲಿಲ್ಲ.

∪, ∩ ಚಿಹ್ನೆಗಳನ್ನು 1888ರಲ್ಲಿಯೂ ∈ ಚಿಹ್ನೆಯನ್ನು 1889ರಲ್ಲಿಯೂ ಬಳಕೆಗೆ ತಂದವರು ಇಟಲಿಯ ಪಿಯಾನೋ. ‘ಆಗಿದೆ’ ಎಂಬರ್ಥದ ಗ್ರೀಕ್ ಪದದ ಮೊದಲ ಅಕ್ಷರವೇ ∈. ಪಠ್ಯದಲ್ಲಿ ಬರುವ ಡಿ ಮಾರ್ಗನ್ ನಿಯಮದ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ, ನಮ್ಮ ನೆರೆಯ ಮಧುರೈಯಲ್ಲಿ!

∅ ಚಿಹ್ನೆಯ ಕಥೆ ನಮಗೆ ಇನ್ನೂ ಹತ್ತಿರದ್ದು. ಸರ್ ಸೈಯದ್ ಅಹ್ಮದ್ ಖಾನರು 1875ರಲ್ಲಿ ಅಲಿಗಢದಲ್ಲಿ ಆರಂಭಿಸಿದ ವಿದ್ಯಾಸಂಸ್ಥೆ 1920ರಲ್ಲಿ ವಿಶ್ವವಿದ್ಯಾಲಯವಾಯಿತು. 1930ರಲ್ಲಿ ಅಲ್ಲಿಗೆ ಗಣಿತ ಪ್ರಾಧ್ಯಾಪಕರಾಗಿ ಬಂದವರು ಫ್ರಾನ್ಸಿನ 23ರ ತರುಣ ಆಂದ್ರೆ ವೇಯ್. ಅವರು 1932ರವರೆಗೆ ಅಲ್ಲಿದ್ದು ಡಿ.ಡಿ. ಕೋಸಾಂಬಿಯಂತಹ ಪ್ರತಿಭಾವಂತರನ್ನು ಕರೆತಂದರು. ಮುಂದೆ ‘ಬೂರ್ಬಾಕಿ’ ಎಂಬ ಗಣಿತಜ್ಞರ ಬಳಗದ 1939ರ ಪುಸ್ತಕಕ್ಕೆ ಶೂನ್ಯಗಣದ ಚಿಹ್ನೆ ಬೇಕಾದಾಗ, ನಾರ್ವೆ ಭಾಷೆಯ ಒಂದು ಅಕ್ಷರವನ್ನು ಸೂಚಿಸಿದವರು ಇದೇ ವೇಯ್.

ನೋಡಿದಿರಾ? ಚಿಹ್ನೆಗಳು ಆಕಾಶದಿಂದ ಇಳಿದವಲ್ಲ. ಬರವಣಿಗೆ ಚಿಕ್ಕದಾಗಲೆಂದು ಮನುಷ್ಯರು ಆರಿಸಿಕೊಂಡ ಅಕ್ಷರಗಳು. ಮಗ್ಗಿ ಕಲಿತಂತೆ ಇವನ್ನೂ ಕಲಿಯಬಹುದು. ನಿಮ್ಮ ತರಗತಿ, ನಿಮ್ಮ ಊರು, ನಿಮ್ಮ ಮನೆಯವರನ್ನೇ ಗಣಗಳಾಗಿ ಬರೆದು ಅಭ್ಯಾಸ ಮಾಡಿ. ಅರ್ಥವಾಗದಿದ್ದರೆ ಮೇಷ್ಟ್ರನ್ನು ಮತ್ತೆ ಮತ್ತೆ ಕೇಳಿ. ಹೆದರಿ ಗಣಿತವನ್ನು ಮಾತ್ರ ಬಿಡಬೇಡಿ.