ಬಲ್ಬ್, ಶಾಯಿ, ಹೊಲಿಗೆ ಯಂತ್ರ: ಜಾದವ್‌ಪುರದಲ್ಲಿ ಕಾರ್ಖಾನೆ ಹೋಯಿತು, ಹೆಸರು ಉಳಿಯಿತು

ಕೋಲ್ಕತ್ತಾ: ದಕ್ಷಿಣ ಕೋಲ್ಕತ್ತಾದ ಜಾದವ್‌ಪುರದ ಒಂದು ಬಸ್ ನಿಲ್ದಾಣದ ಹೆಸರು 'ಬೆಂಗಾಲ್ ಲ್ಯಾಂಪ್'. ಅಲ್ಲಿ ಇಳಿದವರಿಗೆ ಇಂದು ಬಲ್ಬ್ ತಯಾರಾಗುವುದು ಕಾಣುವುದಿಲ್ಲ. ಒಂದು ಕಾಲದಲ್ಲಿ ಸ್ವದೇಶಿ ಉದ್ಯಮಗಳ ನೆಲೆಯಾಗಿದ್ದ ಈ ಪ್ರದೇಶ ಈಗ ವಿಶ್ವವಿದ್ಯಾಲಯ, ಅಪಾರ್ಟ್‌ಮೆಂಟ್‌ಗಳಿಗೆ ಪರಿಚಿತ.

ಸ್ವದೇಶಿ ಚಳವಳಿಯ ಬೇರು

1905ರ ಬಂಗಾಳ ವಿಭಜನೆಯ ವಿರುದ್ಧದ ಹೋರಾಟದಿಂದ 1906ರಲ್ಲಿ ರಾಷ್ಟ್ರೀಯ ಶಿಕ್ಷಣ ಪರಿಷತ್ತು ಹುಟ್ಟಿತು. ಅದರ ತಾಂತ್ರಿಕ ಕಾಲೇಜು ಜಾದವ್‌ಪುರದಲ್ಲಿ ಬೆಳೆದು, 1955ರಲ್ಲಿ ಜಾದವ್‌ಪುರ ವಿಶ್ವವಿದ್ಯಾಲಯವಾಯಿತು. ಅದೇ ಸ್ವದೇಶಿ ಛಲದಿಂದ ಸುತ್ತಮುತ್ತ ಕಾರ್ಖಾನೆಗಳೂ ತಲೆ ಎತ್ತಿದವು.

ಬೆಂಗಾಲ್ ಲ್ಯಾಂಪ್ ಕಂಪನಿಯನ್ನು ರಾಯ್ ಸಹೋದರರು 1932ರಲ್ಲಿ ಆರಂಭಿಸಿದರು. ವಿದೇಶಿ ಬಲ್ಬ್‌ಗಳೇ ತುಂಬಿದ್ದ ಮಾರುಕಟ್ಟೆಗೆ ಬಂದ ಮೊದಲ ಭಾರತೀಯ ಕಂಪನಿಗಳಲ್ಲಿ ಇದೂ ಒಂದು. ವಿದೇಶಿ ಶಾಯಿಗೆ ಬದಲಾಗಿ ಮೈತ್ರ ಸಹೋದರರು 1934ರಲ್ಲಿ ರಾಜಶಾಹಿಯಲ್ಲಿ ಆರಂಭಿಸಿದ 'ಸುಲೇಖಾ' ಮುಂದೆ ಜಾದವ್‌ಪುರಕ್ಕೆ ಬಂತು. ಕನ್ನಡಿಗರ ಮನೆಗಳಲ್ಲೂ ಪರಿಚಿತವಾದ ಉಷಾ ಹೊಲಿಗೆ ಯಂತ್ರ, ಫ್ಯಾನ್‌ಗಳ ಜಯ್ ಎಂಜಿನಿಯರಿಂಗ್ ವರ್ಕ್ಸ್ ಹತ್ತಿರದ ಪ್ರಿನ್ಸ್ ಅನ್ವರ್ ಶಾ ರಸ್ತೆಯಲ್ಲಿತ್ತು.

1947ರ ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಇಲ್ಲೇ ನೆಲೆಸಿದರು. ಎರಡನೇ ಮಹಾಯುದ್ಧ ಕಾಲದ ಸೇನಾ ಶಿಬಿರವಿದ್ದ ಜಾಗದಲ್ಲಿ ಬಿಜಯಗಢ ಕಾಲೊನಿ ಎದ್ದಿತು. ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಿದ್ದವರಿಗೆ ಕಾರ್ಖಾನೆಯ ಕೆಲಸವೆಂದರೆ ತಿಂಗಳ ಸಂಬಳದ ಭರವಸೆ.

ಮುಚ್ಚಿದ್ದು ಹೇಗೆ?

1970ರ ದಶಕದಿಂದ ವಿದ್ಯುತ್ ಅಭಾವ, ಕಾರ್ಮಿಕ ಸಂಘರ್ಷ ಮತ್ತು ಬಂಡವಾಳದ ಕೊರತೆ ಬಂಗಾಳದ ಕೈಗಾರಿಕೆಯನ್ನು ಕಾಡಿದವು. ಬಾಲ್ ಪೆನ್ ಬಂದ ಮೇಲೆ ಶಾಯಿಯ ಬೇಡಿಕೆಯೂ ಕುಸಿಯಿತು. 1980ರ ದಶಕದ ಕೊನೆಯ ಹೊತ್ತಿಗೆ ಬೆಂಗಾಲ್ ಲ್ಯಾಂಪ್, ಸುಲೇಖಾ ಎರಡೂ ಬಾಗಿಲು ಹಾಕಿದವು. ನಗರ ಬೆಳೆದಂತೆ ಯಂತ್ರಕ್ಕಿಂತ ನೆಲದ ಬೆಲೆಯೇ ಹೆಚ್ಚಾಯಿತು. ಉಷಾ ಕಾರ್ಖಾನೆಯ ಜಾಗದಲ್ಲಿ ಸೌತ್ ಸಿಟಿ ವಸತಿ ಗೋಪುರಗಳು ಎದ್ದವು. 2008ರಲ್ಲಿ ಅಲ್ಲಿ ಮಾಲ್ ತೆರೆಯಿತು.

ಬೆಂಗಳೂರಿಗೂ ಹೊಸದಲ್ಲ

ಈ ಕಥೆ ಬೆಂಗಳೂರಿಗರಿಗೆ ಚೆನ್ನಾಗಿ ಗೊತ್ತು. 1884ರಲ್ಲಿ ಆರಂಭವಾದ, ನಂತರ ಬಿನ್ನಿ ಮಿಲ್ ಎಂದೇ ಹೆಸರಾದ ಬಟ್ಟೆ ಗಿರಣಿ ನಿಂತಿದೆ. ಬಿನ್ನಿಪೇಟೆ ಎಂಬ ಹೆಸರು ನಿಂತಿಲ್ಲ. ಬೆಂಗಾಲ್ ಲ್ಯಾಂಪ್‌ಗಿಂತ ನಾಲ್ಕು ವರ್ಷ ತಡವಾಗಿ, 1936ರಲ್ಲಿ ಮಲ್ಲೇಶ್ವರದಲ್ಲಿ ಹುಟ್ಟಿದ ಮೈಸೂರು ಲ್ಯಾಂಪ್ಸ್‌ನಲ್ಲೂ ಈಗ ಬಲ್ಬ್ ತಯಾರಾಗುವುದಿಲ್ಲ.

ಆದರೆ ಸುಲೇಖಾ ಪೂರ್ತಿ ಮರೆಯಾಗಲಿಲ್ಲ. ಸುಮಾರು ಎರಡು ದಶಕಗಳ ನಂತರ ಕಂಪನಿ ಮತ್ತೆ ತೆರೆಯಿತು. ಫೌಂಟನ್ ಪೆನ್ ಪ್ರಿಯರಿಗಾಗಿ ಹಳೆಯ ಹೆಸರಿನ ಶಾಯಿ ಮತ್ತೆ ಮಾರಾಟಕ್ಕೆ ಬಂದಿದೆ. ಜಾದವ್‌ಪುರದ 'ಸುಲೇಖಾ ಮೋಡ್' ವೃತ್ತ ಇಂದಿಗೂ ಅದರ ಹೆಸರಲ್ಲೇ ಇದೆ.