ಬೆಂಗಳೂರಿನ ರಾಜಕಾಲುವೆ: ಯಾರ ಹೊಣೆ?

ಬೆಂಗಳೂರು ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ಇಲ್ಲಿ ಬಿದ್ದ ಮಳೆ ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಯನ್ನೂ, ವೃಷಭಾವತಿ ಕಣಿವೆಯಲ್ಲಿ ಇಳಿದು ಅರ್ಕಾವತಿಯ ಮೂಲಕ ಕಾವೇರಿಯನ್ನೂ ಸೇರುತ್ತದೆ. ಬತ್ತದ ನದಿಯಿಲ್ಲದ ಈ ನೆಲದಲ್ಲಿ ಹಿಂದಿನವರು ಕೆರೆಗಳನ್ನು ಸಾಲಾಗಿ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಆ ಕಾಲುವೆಗಳಲ್ಲಿ ಹಿರಿಯದು ರಾಜಕಾಲುವೆ.

ಕಟ್ಟುವುದಕ್ಕಿಂತ ಕಾಯ್ದುಕೊಳ್ಳುವುದು ಕಷ್ಟವೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಕೆರೆ ಕಟ್ಟಿಸಿ ನೋಡಿಕೊಳ್ಳುವವರಿಗೆ ಕಟ್ಟುಕೊಡಗೆ ಭೂಮಿ ಸಿಗುತ್ತಿತ್ತು. ಕೆರೆಯ ದುರಸ್ತಿಗೆಂದು ಬಿಟ್ಟ ಬಿತ್ತುವಟ್ಟದ ಮಾತು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮಣ್ಣು ಹೊರುವ ಬಂಡಿಗೆ ದತ್ತಿ ಬಿಟ್ಟದ್ದೂ ಉಂಟು. ತೂಬು ತೆರೆದು ಮುಚ್ಚಿ, ಗದ್ದೆಗದ್ದೆಗೆ ಸರದಿಯಂತೆ ನೀರು ಹಾಯಿಸುತ್ತಿದ್ದ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯ ಸಲ್ಲುತ್ತಿತ್ತು. ಬೇಸಿಗೆಯಲ್ಲಿ ಕೆರೆಯಂಗಳದ ಗೋಡು ರೈತರ ಗಾಡಿ ಏರಿ ಹೊಲದ ಗೊಬ್ಬರವಾಗುತ್ತಿತ್ತು. ಊರಿನ ಕೆಲಸವೂ ಸ್ವಂತದ ಲಾಭವೂ ಬೇರೆಯಾಗಿರಲಿಲ್ಲ. ಈ ವ್ಯವಸ್ಥೆಯ ನಿಜವಾದ ಬಲ ಇದೇ.

ಆ ಗಂಟು ಒಮ್ಮೆಲೇ ಬಿಚ್ಚಲಿಲ್ಲ. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ನಗರಕ್ಕೆ ಬಂದ ಮೇಲೆ ಕುಡಿಯುವ ನೀರಿಗೆ ಊರೊಳಗಿನ ಕೆರೆಗಳ ಹಂಗು ಕಡಿಮೆಯಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯ್ದೆಯೊಂದಿಗೆ ವಂಶಪಾರಂಪರ್ಯದ ಊಳಿಗಗಳು ಕೊನೆಗೊಂಡವು. ಗದ್ದೆಗಳು ಬಡಾವಣೆಗಳಾದಂತೆ ನೀರು ಕೇಳುವ ಅಚ್ಚುಕಟ್ಟುದಾರರೇ ಇಲ್ಲವಾದರು. ರಾಜಕಾಲುವೆ ಪಾಲಿಕೆಯ ಚರಂಡಿಯಾಯಿತು. ಮಳೆನೀರಿನ ದಾರಿಗೆ ಒಳಚರಂಡಿಯ ಕೊಳಚೆಯೂ ಸೇರಿತು, ಮೇಲೆ ಕಟ್ಟಡಗಳೂ ಎದ್ದವು.

ಆಮೇಲಿನದು ಕಾನೂನಿನ ಹಾದಿ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತ 75 ಮೀಟರ್, ಪ್ರಾಥಮಿಕ ರಾಜಕಾಲುವೆಯ ಬದಿಗೆ 50 ಮೀಟರ್ ಜಾಗ ಬಿಡಬೇಕೆಂದಿತು; 2019ರಲ್ಲಿ ಸುಪ್ರೀಂ ಕೋರ್ಟ್ ಆ ಅಳತೆಯನ್ನು ರದ್ದುಪಡಿಸಿತು. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದ ಬಳಿಕ ಒತ್ತುವರಿ ತೆರವು ಮತ್ತೆ ಚುರುಕಾಯಿತು. ಕಾನೂನು ಮನೆಯವರಿಗೂ ಹೊಣೆ ಹೊರಿಸಿದೆ: ನಿಗದಿತ ಅಳತೆಗಿಂತ ದೊಡ್ಡ ಖಾಸಗಿ ನಿವೇಶನಗಳಿಗೆ 2009ರಿಂದಲೇ ಮಳೆನೀರು ಕೊಯ್ಲು ಕಡ್ಡಾಯ. ಅಲ್ಲಿ ಚಾವಣಿ ಗುಡಿಸುವುದು, ಸೋಸುಕವನ್ನು ತೊಳೆಯುವುದು, ಇಂಗುಗುಂಡಿಯ ಹೂಳು ತೆಗೆಯುವುದು ಮನೆಯವರದೇ ಕೆಲಸ.